ಪುರಸಭೆಯಿಲ್ಲದ ಊರುಗಳು: ಬ್ರಿಟಿಷ್ ಕೊಲಂಬಿಯಾದ ಪ್ರಾದೇಶಿಕ ಜಿಲ್ಲೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಪಶ್ಚಿಮ ತುದಿಯ ಪ್ರಾಂತ್ಯವಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲೆಸಿರುವ ಕನ್ನಡಿಗರು ಹೆಚ್ಚಾಗಿ ವ್ಯಾಂಕೂವರ್ ಸುತ್ತಮುತ್ತಲ ನಗರಗಳಲ್ಲಿದ್ದಾರೆ. ಅವರಲ್ಲಿ ಒಳನಾಡಿನ ಕಣಿವೆಗಳಲ್ಲಿ ಮನೆಯನ್ನೋ ಜಮೀನನ್ನೋ ಹುಡುಕುವವರೂ, ಅಲ್ಲಿನ ಸ್ಥಳೀಯ ಆಡಳಿತ ಹೇಗೆ ನಡೆಯುತ್ತದೆ ಎಂದು ಕುತೂಹಲದಿಂದ ಕೇಳುವ ಊರಿನ ಬಂಧುಗಳೂ ಮಾತುಕತೆಯಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಉದಾಹರಣೆಗಳಲ್ಲಿ ಬಹುಪಾಲು ಪ್ರಾಂತ್ಯದ ಆಗ್ನೇಯ ಮೂಲೆಯ ಸೆಂಟ್ರಲ್ ಕೂಟನಿ ಪ್ರಾದೇಶಿಕ ಜಿಲ್ಲೆಯವು.

## ಮೊದಲ ಪರಿಚಯ

ಪುರಸಭೆಯೂ ಇಲ್ಲ, ಮೇಯರೂ ಇಲ್ಲ ಅಂದರೆ ಅದನ್ನು ಊರು ಅಂತ ಹೇಗೆ ಕರೆಯುವುದು?

ಊರಾಗುವುದಕ್ಕೆ ಜನರೂ ಒಂದು ಹೆಸರೂ ಸಾಕು. ಪುರಸಭೆಯಾಗುವುದಕ್ಕೆ ಮಾತ್ರ ಪ್ರಾಂತ ಸರ್ಕಾರ ಹೊರಡಿಸುವ ಸನ್ನದು ಬೇಕು. ಆ ಸನ್ನದು ಊರಿಗೆ ಗಡಿಯನ್ನು ಗುರುತಿಸಿ, ಚುನಾಯಿತ ಕೌನ್ಸಿಲ್ ಒಂದನ್ನು ಸ್ಥಾಪಿಸಿ, ತೆರಿಗೆ ಹಾಕುವ ಮತ್ತು ಉಪವಿಧಿಗಳನ್ನು ಮಾಡುವ ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ವಿನ್ಲಾ, ಬಾಲ್ಫೋರ್, ವೈಮರ್, ಅರ್ಜೆಂಟಾ, ರಿಯಾಂಡೆಲ್, ಎಡ್ಜ್‌ವುಡ್‌ಗಳಂಥ ಊರುಗಳು ಈ ಸನ್ನದನ್ನು ಪಡೆದಿಲ್ಲ. ಹಾಗೆಂದು ಅವು ಆಡಳಿತವೇ ಇಲ್ಲದ ಊರುಗಳಲ್ಲ. ಒಂದೇ ಕಚೇರಿಯಲ್ಲಿ ಇರಬೇಕಾಗಿದ್ದ ಅಧಿಕಾರ ಅಲ್ಲಿ ಪ್ರಾಂತ್ಯ, ಪ್ರಾದೇಶಿಕ ಜಿಲ್ಲೆ, ನೀರಿನ ಸಂಸ್ಥೆ, ಸಮುದಾಯ ಭವನದ ಸಂಘ ಎಂದು ಹಂಚಿಹೋಗಿದೆ.

ಜನ ಕಡಿಮೆ ಇರುವುದರಿಂದ ತಾನೇ ಪುರಸಭೆ ಕೊಟ್ಟಿಲ್ಲ?

ಅಲ್ಲ. ಸೆಂಟ್ರಲ್ ಕೂಟನಿಯ ಸಿಲ್ವರ್ಟನ್‌ನ ಜನಸಂಖ್ಯೆ 2021ರ ಜನಗಣತಿಯಲ್ಲಿ ಇನ್ನೂರನ್ನೂ ಮುಟ್ಟಲಿಲ್ಲ. ಆದರೂ ಅದಕ್ಕೆ ತನ್ನದೇ ಮೇಯರ್ ಮತ್ತು ಕೌನ್ಸಿಲ್ ಇವೆ. ಹನ್ನೊಂದು ಸಾವಿರಕ್ಕೂ ಹೆಚ್ಚು ಜನರಿರುವ ಸಾಲ್ಟ್ ಸ್ಪ್ರಿಂಗ್ ದ್ವೀಪಕ್ಕೆ ಇಂದಿಗೂ ಪುರಸಭೆಯಿಲ್ಲ. ಒಕನಾಗನ್ ಸರೋವರದ ಪಶ್ಚಿಮ ದಂಡೆ ಇಪ್ಪತ್ತು ಸಾವಿರಕ್ಕೂ ಮೀರಿದ ಜನರನ್ನು ಇಟ್ಟುಕೊಂಡು 2007ರವರೆಗೆ ಹಾಗೆಯೇ ಇತ್ತು; ಈಗ ಅದು ವೆಸ್ಟ್ ಕೆಲೋನಾ ನಗರ. ಇದಕ್ಕೆ ತದ್ವಿರುದ್ಧವಾಗಿ, ಪೂರ್ವ ಕೂಟನಿಯ ಜಂಬೋ ಹಿಮನದಿಯ ಬಳಿ ಒಬ್ಬ ನಿವಾಸಿಯೂ ಇಲ್ಲದ ಜಾಗದಲ್ಲಿ ಸ್ಕೀ ವಿಹಾರಧಾಮದ ಯೋಜನೆಗಾಗಿ 2013ರಲ್ಲಿ ಪುರಸಭೆಯೊಂದನ್ನು ರಚಿಸಿ, 2021ರಲ್ಲಿ ವಿಸರ್ಜಿಸಲಾಯಿತು. ಒಮ್ಮೆ ಸಿಕ್ಕ ಸ್ಥಾನ ಶಾಶ್ವತವೂ ಅಲ್ಲ. ಬೆಳ್ಳಿ ಗಣಿಗಳ ಸಂಭ್ರಮದ ಕಾಲದಲ್ಲಿ, 1898ರಲ್ಲಿ, ನಗರವೆಂದು ಘೋಷಿತವಾದ ಸ್ಯಾಂಡನ್ 1920ರಲ್ಲಿ ಆ ಸ್ಥಾನವನ್ನು ಕಳೆದುಕೊಂಡಿತು.

ಯಾವ ಊರಿಗೆ ಪುರಸಭೆ ಇದೆ, ಯಾವುದಕ್ಕೆ ಇಲ್ಲ ಎನ್ನುವುದು ಇತಿಹಾಸ, ಆದಾಯದ ಮೂಲ ಮತ್ತು ಅಲ್ಲಿನ ಮತದಾರರ ಇಚ್ಛೆಯಿಂದ ತೀರ್ಮಾನವಾದ ಸಂಗತಿ. ತಲೆ ಎಣಿಕೆಯಿಂದ ಅದನ್ನು ಊಹಿಸಲಾಗದು.

ಪ್ರಾದೇಶಿಕ ಜಿಲ್ಲೆ ಅಂದರೆ ನಮ್ಮ ಜಿಲ್ಲಾಡಳಿತ ಇದ್ದ ಹಾಗೆಯಾ?

ಹೆಸರಿನಲ್ಲಿ ಮಾತ್ರ ಹೋಲಿಕೆ. ಅಲ್ಲಿ ಜಿಲ್ಲಾಧಿಕಾರಿಯಿಲ್ಲ, ಭೂದಾಖಲೆ, ಕಂದಾಯ, ಕಾನೂನು ಸುವ್ಯವಸ್ಥೆ ಯಾವುದೂ ಅದರ ಕೈಯಲ್ಲಿಲ್ಲ. 1965ಕ್ಕೆ ಮೊದಲು ಪುರಸಭೆಗಳ ಗಡಿಯಾಚೆಗಿನ ವಿಶಾಲ ನೆಲಕ್ಕೆ ಸ್ಥಳೀಯ ಸರ್ಕಾರವೇ ಇರಲಿಲ್ಲ. ಅಲ್ಲಿನ ಚಿಕ್ಕಪುಟ್ಟ ಬೇಡಿಕೆಗಳಿಗೂ ರಾಜಧಾನಿ ವಿಕ್ಟೋರಿಯಾದ ಇಲಾಖೆಗಳ ಕಡೆಗೇ ನೋಡಬೇಕಿತ್ತು. ಆ ವರ್ಷದ ಕಾನೂನಿನಡಿ ಪ್ರಾದೇಶಿಕ ಜಿಲ್ಲೆಗಳು ಹುಟ್ಟಿಕೊಂಡವು; ಈಗ ಪ್ರಾಂತ್ಯದಲ್ಲಿ ಅಂಥ 27 ಇವೆ.

ಒಂದು ಸೀಮೆಯ ಪುರಸಭೆಗಳೂ ಪುರಸಭೆಯಿಲ್ಲದ ಪ್ರದೇಶಗಳೂ ಸೇರಿ ಮಾಡಿಕೊಂಡ ಒಕ್ಕೂಟ ಎಂದು ಅದನ್ನು ತಿಳಿದುಕೊಂಡರೆ ಸತ್ಯಕ್ಕೆ ಹತ್ತಿರ. ಸೆಂಟ್ರಲ್ ಕೂಟನಿಯಲ್ಲಿ 9 ಪುರಸಭೆಗಳು ಮತ್ತು 11 ಚುನಾವಣಾ ವಲಯಗಳಿವೆ. ಪುರಸಭೆಗಳು ತಮ್ಮ ಕೌನ್ಸಿಲ್‌ನಿಂದ ಒಬ್ಬರನ್ನು ಜಿಲ್ಲೆಯ ಆಡಳಿತ ಮಂಡಳಿಗೆ ಕಳುಹಿಸುತ್ತವೆ. ಎ, ಬಿ, ಸಿ ಎಂದು ಅಕ್ಷರಗಳಿಂದ ಗುರುತಿಸುವ ವಲಯಗಳ ಮತದಾರರು ತಮ್ಮ ನಿರ್ದೇಶಕರನ್ನು ನೇರವಾಗಿ ಆರಿಸುತ್ತಾರೆ. ಜಿಲ್ಲೆಯ ಅರವತ್ತು ಸಾವಿರ ಚಿಲ್ಲರೆ ಜನರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಪುರಸಭೆಗಳ ಹೊರಗೇ ವಾಸಿಸುತ್ತಾರೆ ಎನ್ನುವುದನ್ನು ಮರೆಯಬಾರದು.

ನಮ್ಮಲ್ಲಿ ಗ್ರಾಮ ಪಂಚಾಯಿತಿ ಇದೆಯಲ್ಲ, ಅಂಥದ್ದು ಅಲ್ಲಿ ಏನೂ ಇಲ್ಲವೇ?

ನಿಖರವಾಗಿ ಅಂಥದ್ದು ಇಲ್ಲ. ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಪ್ರತಿಯೊಂದು ಹಳ್ಳಿಯೂ ಹಲವು ಸದಸ್ಯರಿರುವ ಚುನಾಯಿತ ಪಂಚಾಯಿತಿಯೊಂದರ ವ್ಯಾಪ್ತಿಗೆ ಸೇರಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಹತ್ತಾರು ಕಿಲೋಮೀಟರ್ ಹರಡಿದ ಕಣಿವೆಗೂ ಅದರೊಳಗಿನ ನಾಲ್ಕೈದು ಊರುಗಳಿಗೂ ಸೇರಿ ಒಬ್ಬರೇ ನಿರ್ದೇಶಕರು. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಅತಿ ದುರ್ಬಲ ಜಾಗ ಇದೇ. ಆ ಒಬ್ಬರು ಕಾಯಿಲೆ ಬಿದ್ದರೆ ಅಥವಾ ಒಂದು ಊರಿನ ಕಡೆಗೆ ವಾಲಿದರೆ ಉಳಿದ ಊರುಗಳಿಗೆ ಬೇರೆ ಚುನಾಯಿತ ದನಿ ಇರುವುದಿಲ್ಲ.

ಕೊರತೆ ತುಂಬಲು ಕೆಲವು ದಾರಿಗಳಿವೆ. ಯೋಜನಾ ಸಲಹಾ ಸಮಿತಿಗಳಿಗೆ ಸ್ಥಳೀಯರನ್ನು ನೇಮಿಸುತ್ತಾರೆ. ನಿರ್ದಿಷ್ಟ ಸೇವೆಯೊಂದನ್ನು ನೋಡಿಕೊಳ್ಳುವ ಆಯೋಗಗಳನ್ನು ಮಾಡುತ್ತಾರೆ. ಚುನಾಯಿತ ಸ್ಥಳೀಯ ಸಮುದಾಯ ಆಯೋಗಕ್ಕೂ ಕಾನೂನಿನಲ್ಲಿ ಅವಕಾಶವಿದ್ದು, ಸಾಲ್ಟ್ ಸ್ಪ್ರಿಂಗ್ ದ್ವೀಪದವರು 2023ರಲ್ಲಿ ಅಂಥ ಆಯೋಗವನ್ನು ಆರಿಸಿಕೊಂಡರು.

## ದಿನದ ಬದುಕು

ರಸ್ತೆಯಲ್ಲಿ ಹಿಮ ತುಂಬಿದರೆ ಯಾರಿಗೆ ಫೋನ್ ಮಾಡಬೇಕು?

ಪ್ರಾದೇಶಿಕ ಜಿಲ್ಲೆಗಂತೂ ಅಲ್ಲ. ಹೊಸದಾಗಿ ಹೋದವರು ಮೊದಲು ಎಡವುವುದು ಇಲ್ಲಿಯೇ. ಪುರಸಭೆಯ ಹೊರಗಿನ ಸಾರ್ವಜನಿಕ ರಸ್ತೆಗಳು ಪ್ರಾಂತ್ಯದ ಸಾರಿಗೆ ಇಲಾಖೆಗೆ ಸೇರಿದ್ದು, 1988ರಿಂದ ಅವುಗಳ ನಿರ್ವಹಣೆಯನ್ನು ಸೀಮೆಗೊಬ್ಬ ಖಾಸಗಿ ಗುತ್ತಿಗೆದಾರರಿಗೆ ವಹಿಸಲಾಗಿದೆ. ದೂರು ಹೋಗಬೇಕಾದದ್ದು ಆ ಗುತ್ತಿಗೆದಾರರಿಗೆ. ಹೆದ್ದಾರಿಯ ಹಿಮವನ್ನು ಮೊದಲು ತೆಗೆಯುತ್ತಾರೆ. ಒಳಗಿನ ಅಡ್ಡರಸ್ತೆಗಳ ಸರದಿ ಕೊನೆಗೆ ಬರುತ್ತದೆ. ನಿಮ್ಮ ಮನೆಯ ದಾರಿ ಖಾಸಗಿ ರಸ್ತೆಯಾಗಿದ್ದರೆ ಹಿಮ ತೆಗೆಯುವ ಖರ್ಚು ನಿಮ್ಮದು ಮತ್ತು ನೆರೆಯವರದು, ಆದ್ದರಿಂದ ಮನೆ ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು. ಬಾಲ್ಫೋರ್‌ನಿಂದ ಕೂಟನಿ ಸರೋವರ ದಾಟಿಸುವ ಹಡಗು, ಹ್ಯಾರಪ್ ಮತ್ತು ಗ್ಲೇಡ್‌ಗಳ ಕೇಬಲ್ ದೋಣಿಗಳು ಸಹ ಪ್ರಾಂತ್ಯದ ಹೆದ್ದಾರಿ ವ್ಯವಸ್ಥೆಯ ಭಾಗವಾಗಿದ್ದು, ಅವುಗಳಲ್ಲಿ ಪ್ರಯಾಣ ಉಚಿತ.

ನಲ್ಲಿ ನೀರು, ಒಳಚರಂಡಿ ಇರುತ್ತವೆಯೇ?

ಒಂದೊಂದು ಊರಿನ ಕಥೆ ಒಂದೊಂದು. ಹಿಂದೆ ಗಣಿಯ ಊರಾಗಿದ್ದ ರಿಯಾಂಡೆಲ್‌ನಲ್ಲಿ ಪ್ರಾದೇಶಿಕ ಜಿಲ್ಲೆಯೇ ನೀರಿನ ವ್ಯವಸ್ಥೆಯನ್ನು ನಡೆಸುತ್ತದೆ. ಇನ್ನು ಕೆಲವೆಡೆ ನೀರಿಗಾಗಿಯೇ ರಚಿತವಾದ ಚುನಾಯಿತ ಸಂಸ್ಥೆಗಳೋ ಬಳಕೆದಾರರ ಸಂಘಗಳೋ ತೊರೆಯ ನೀರನ್ನು ಕೊಳವೆಗಳಲ್ಲಿ ತರುತ್ತವೆ. ಉಳಿದವರಿಗೆ ಕೊಳವೆ ಬಾವಿ ಅಥವಾ ಪರವಾನಗಿ ಪಡೆದ ತೊರೆಯ ನೀರೇ ಗತಿ. ಒಂದೇ ಒಂದು ಮನೆಗೆ ನೀರು ಕೊಡುವ ವ್ಯವಸ್ಥೆಯನ್ನು ಬಿಟ್ಟರೆ ಮಿಕ್ಕೆಲ್ಲ ವ್ಯವಸ್ಥೆಗಳೂ ಕುಡಿಯುವ ನೀರಿನ ರಕ್ಷಣಾ ಕಾಯ್ದೆಯಡಿ ಬರುತ್ತವೆ. ಎರಡು ಮನೆಗಳು ಸೇರಿ ಒಂದು ಬಾವಿ ಬಳಸಿದರೂ ಆರೋಗ್ಯ ಪ್ರಾಧಿಕಾರದ ನಿಯಮಗಳು ಅನ್ವಯಿಸುತ್ತವೆ ಎನ್ನುವುದು ಅನೇಕರಿಗೆ ಗೊತ್ತಿರುವುದಿಲ್ಲ. ಹಿಮ ಕರಗುವ ವಸಂತದಲ್ಲಿ ತೊರೆಗಳು ಕದಡಿದಾಗ ನೀರನ್ನು ಕುದಿಸಿ ಕುಡಿಯಿರಿ ಎಂಬ ಸೂಚನೆ ಹೊರಡುವುದುಂಟು.

ಒಳಚರಂಡಿ ಅಪರೂಪ, ಸೆಪ್ಟಿಕ್ ಟ್ಯಾಂಕ್ ಸಾಮಾನ್ಯ. ಅದನ್ನು ನೋಂದಾಯಿತ ತಜ್ಞರಿಂದಲೇ ಮಾಡಿಸಬೇಕು.

ಮನೆಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ದಳ ಬರುತ್ತದೆ ತಾನೆ?

ಬರುತ್ತದೆ ಎಂದು ಭಾವಿಸಿಕೊಂಡು ಮನೆ ಕೊಳ್ಳಬೇಡಿ. ಪ್ರತಿಯೊಂದು ಅಗ್ನಿಶಾಮಕ ಸೇವೆಗೂ ಉಪವಿಧಿಯಲ್ಲಿ ಗುರುತಿಸಿದ ಗಡಿ ಇರುತ್ತದೆ. ಗಡಿಯ ಒಳಗಿನವರು ತೆರಿಗೆ ಕೊಡುತ್ತಾರೆ, ದಳ ಅವರ ಮನೆಗೆ ಬರುತ್ತದೆ. ಗಡಿಯ ಹೊರಗಿರುವ ಮನೆಗೆ ಬರಬೇಕಾದ ಹೊಣೆ ದಳಕ್ಕಿಲ್ಲ. ಹಳ್ಳಿಗಾಡಿನ ದಳಗಳು ಬಹುತೇಕ ಸ್ವಯಂಸೇವಕರಿಂದ ನಡೆಯುವಂಥವು. ಹಗಲು ಮರದ ಮಿಲ್ಲಿನಲ್ಲೋ ಅಂಗಡಿಯಲ್ಲೋ ಶಾಲೆಯಲ್ಲೋ ಕೆಲಸ ಮಾಡುವವರೇ ಪೇಜರ್ ಕೂಗಿದಾಗ ಠಾಣೆಗೆ ಓಡುತ್ತಾರೆ. ಈ ಜನರ ಬಗ್ಗೆ ನನಗಿರುವ ಗೌರವ ದೊಡ್ಡದು. ಊರು ಬದುಕಿದೆಯೇ ಎಂದು ತಿಳಿಯಬೇಕಾದರೆ ನಾನು ಮೊದಲು ವಿಚಾರಿಸುವುದು ದಳಕ್ಕೆ ಹೊಸಬರು ಸೇರುತ್ತಿದ್ದಾರೆಯೇ ಎಂದೇ.

ವಿಮೆಯ ಲೆಕ್ಕವೂ ಇದರ ಮೇಲೆ ನಿಂತಿದೆ. ಮಾನ್ಯತೆ ಪಡೆದ ಠಾಣೆಯಿಂದ ರಸ್ತೆಯ ಮೂಲಕ 8 ಕಿಲೋಮೀಟರ್ ಒಳಗೆ ಮನೆಯಿದ್ದರೆ ವಿಮೆಯ ಕಂತು ಒಂದು ಮಟ್ಟದಲ್ಲಿದ್ದು, ಅದರಾಚೆ ಹೋದಂತೆ ಏರುತ್ತದೆ. ಮನೆ ನೋಡಲು ಹೋದವರು ಠಾಣೆಯ ದೂರವನ್ನು ಗಾಡಿಯಲ್ಲೇ ಅಳೆದು ನೋಡುವುದು ಜಾಣತನ.

ಕಾಡ್ಗಿಚ್ಚು ಹತ್ತಿರ ಬಂದಾಗ ಊರು ಬಿಡಿ ಎಂದು ಹೇಳುವವರು ಯಾರು?

ಕಾಡಿನ ಬೆಂಕಿಯೊಡನೆ ಸೆಣಸುವುದು ಪ್ರಾಂತ್ಯದ ಕಾಡ್ಗಿಚ್ಚು ಸೇವೆಯ ಕೆಲಸ. ಆದರೆ ಪುರಸಭೆಯಿಲ್ಲದ ಊರುಗಳಲ್ಲಿ ಸ್ಥಳೀಯ ತುರ್ತುಸ್ಥಿತಿ ಘೋಷಿಸಿ ತೆರವಿನ ಎಚ್ಚರಿಕೆಯನ್ನೂ ಆದೇಶವನ್ನೂ ಹೊರಡಿಸುವುದು ಸಾಮಾನ್ಯವಾಗಿ ಪ್ರಾದೇಶಿಕ ಜಿಲ್ಲೆ. ಎಚ್ಚರಿಕೆ ಎಂದರೆ ಯಾವ ಕ್ಷಣದಲ್ಲಾದರೂ ಹೊರಡಲು ಸಿದ್ಧರಾಗಿರಿ ಎಂದು. ಆದೇಶ ಎಂದರೆ ತಕ್ಷಣ ಹೊರಡಿ ಎಂದು. ತೆರವಾದವರಿಗೆ ಊಟ, ವಸತಿ ಒದಗಿಸುವ ತುರ್ತು ನೆರವಿನ ಕೇಂದ್ರಗಳಲ್ಲೂ ಸ್ಥಳೀಯ ಸ್ವಯಂಸೇವಕರೇ ಹೆಚ್ಚಾಗಿ ಇರುತ್ತಾರೆ.

2023ರ ಆಗಸ್ಟ್‌ನಲ್ಲಿ ಉತ್ತರ ಶುಸ್ವಾಪ್‌ನ ಸ್ಕಾಚ್ ಕ್ರೀಕ್, ಸೆಲಿಸ್ಟಾ ಮುಂತಾದ ಪುರಸಭೆಯಿಲ್ಲದ ಊರುಗಳ ಮೇಲೆ ಬೆಂಕಿ ನುಗ್ಗಿದಾಗ ಅನೇಕ ಮನೆಗಳೊಂದಿಗೆ ಸ್ಕಾಚ್ ಕ್ರೀಕ್‌ನ ಅಗ್ನಿಶಾಮಕ ಠಾಣೆಯೂ ಸುಟ್ಟುಹೋಯಿತು. ಆದೇಶವಿದ್ದರೂ ಕೆಲವು ನಿವಾಸಿಗಳು ಹೊರಡದೆ ತಮ್ಮ ಪಂಪು, ಟ್ಯಾಂಕರುಗಳಿಂದಲೇ ಮನೆಗಳನ್ನು ಕಾಯಲು ನಿಂತರು. ಅಧಿಕಾರಿಗಳಿಗೂ ಅವರಿಗೂ ತೀವ್ರ ಜಟಾಪಟಿ ನಡೆಯಿತು. ಪ್ರಾಣಕ್ಕಿಂತ ಮನೆ ದೊಡ್ಡದಲ್ಲ ಎಂಬ ಅಧಿಕಾರಿಗಳ ಮಾತು ಸರಿ. ಆದರೆ ನೆರವು ತಮ್ಮ ಮೂಲೆಯನ್ನು ತಲುಪುವುದು ತಡ ಎಂದು ವರ್ಷಗಳಿಂದ ಕಂಡುಕೊಂಡವರ ಅಪನಂಬಿಕೆಯನ್ನು ಮೊಂಡುತನವೆಂದು ತಳ್ಳಿಹಾಕಿದರೆ ಮುಂದಿನ ಬೇಸಿಗೆಯಲ್ಲೂ ಅದೇ ಜಟಾಪಟಿ ನಡೆಯುತ್ತದೆ. ಊರಿನವರಿಗೆ ಮೊದಲೇ ತರಬೇತಿ ಕೊಟ್ಟು, ಅವರ ಸಲಕರಣೆ ಮತ್ತು ಸ್ಥಳಜ್ಞಾನವನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವುದೇ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ.

ಪೊಲೀಸ್, ಆಸ್ಪತ್ರೆ, ಶಾಲೆ?

ಮೂರೂ ಪ್ರಾದೇಶಿಕ ಜಿಲ್ಲೆಯ ಕೈಯಲ್ಲಿಲ್ಲ. ಪೊಲೀಸ್ ಕೆಲಸವನ್ನು ಪ್ರಾಂತ್ಯದ ಪರವಾಗಿ ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆಯಾದ ಆರ್.ಸಿ.ಎಂ.ಪಿ. ಮಾಡುತ್ತದೆ. ಆಸ್ಪತ್ರೆಗಳು ಆರೋಗ್ಯ ಪ್ರಾಧಿಕಾರಗಳಿಗೆ ಸೇರಿವೆ; ಕಟ್ಟಡ ಮತ್ತು ಉಪಕರಣಗಳ ವೆಚ್ಚದ ಒಂದು ಪಾಲನ್ನು ಮಾತ್ರ ಪ್ರಾದೇಶಿಕ ಆಸ್ಪತ್ರೆ ಜಿಲ್ಲೆ ಎಂಬ ಪ್ರತ್ಯೇಕ ಸಂಸ್ಥೆ ಆಸ್ತಿ ತೆರಿಗೆಯಿಂದ ಭರಿಸುತ್ತದೆ. ಶಾಲೆಗಳಿಗೆ ಬೇರೆಯೇ ಚುನಾಯಿತ ಮಂಡಳಿಗಳಿವೆ.

ಹಳ್ಳಿಯಲ್ಲಿ ಜಮೀನು ತೆಗೆದುಕೊಂಡರೆ ನಮಗೆ ಬೇಕಾದ ಹಾಗೆ ಮನೆ ಕಟ್ಟಬಹುದಂತೆ, ಹೌದಾ?

ಅರ್ಧ ಸತ್ಯ. ಕೆಲವು ಚುನಾವಣಾ ವಲಯಗಳಲ್ಲಿ ಭೂಬಳಕೆಯ ವಲಯ ನಿಯಮಗಳಿಲ್ಲ. ಕೆಲವು ಜಿಲ್ಲೆಗಳ ಒಳಭಾಗಗಳಲ್ಲಿ ಕಟ್ಟಡ ಪರವಾನಗಿಯ ಪದ್ಧತಿಯೂ ಇಲ್ಲ. ಆದರೆ ಪರವಾನಗಿ ಬೇಡ ಎಂದಾಕ್ಷಣ ಪ್ರಾಂತ್ಯದ ಕಟ್ಟಡ ಸಂಹಿತೆ ರದ್ದಾಗುವುದಿಲ್ಲ. ಜಮೀನು 1973ರಿಂದ ಜಾರಿಯಲ್ಲಿರುವ ಕೃಷಿಭೂಮಿ ಮೀಸಲಿನೊಳಗಿದ್ದರೆ ಎರಡನೆಯ ಮನೆಗೂ, ಜಮೀನನ್ನು ಭಾಗ ಮಾಡುವುದಕ್ಕೂ ಪ್ರತ್ಯೇಕ ನಿರ್ಬಂಧಗಳಿವೆ. ನಿವೇಶನ ವಿಭಜನೆಗೆ ಅನುಮತಿ ಕೊಡುವವರು ಸಾರಿಗೆ ಇಲಾಖೆಯ ಅಧಿಕಾರಿ. ಸಾಲ್ಟ್ ಸ್ಪ್ರಿಂಗ್‌ನಂಥ ದ್ವೀಪಗಳಲ್ಲಾದರೆ 1974ರಲ್ಲಿ ಸ್ಥಾಪಿತವಾದ ಐಲ್ಯಾಂಡ್ಸ್ ಟ್ರಸ್ಟ್ ಭೂಬಳಕೆಯನ್ನು ನಿರ್ಧರಿಸುತ್ತದೆ.

## ತೆರಿಗೆ ಮತ್ತು ಮತ

ಪುರಸಭೆಯೇ ಇಲ್ಲದ ಮೇಲೆ ಮನೆ ತೆರಿಗೆ ಯಾರಿಗೆ, ಯಾಕೆ ಕಟ್ಟಬೇಕು?

ತೆರಿಗೆಯ ಚೀಟಿ ವಿಕ್ಟೋರಿಯಾದಿಂದ, ಪ್ರಾಂತ್ಯದ ತೆರಿಗೆ ಅಧಿಕಾರಿಯ ಕಚೇರಿಯಿಂದ ಬರುತ್ತದೆ. ಜುಲೈ ಆರಂಭದೊಳಗೆ ಕಟ್ಟಬೇಕು. ಅದರಲ್ಲಿ ಶಾಲೆಯ ತೆರಿಗೆ, ರಸ್ತೆ ಮುಂತಾದವುಗಳ ವೆಚ್ಚಕ್ಕಾಗಿ ಪ್ರಾಂತ್ಯ ಹಾಕುವ ಗ್ರಾಮೀಣ ತೆರಿಗೆ, ಪೊಲೀಸ್ ತೆರಿಗೆ, ಆಸ್ಪತ್ರೆ ಜಿಲ್ಲೆಯ ಪಾಲು ಮತ್ತು ಪ್ರಾದೇಶಿಕ ಜಿಲ್ಲೆಯ ಸೇವೆಗಳ ಪಾಲು ಬೇರೆಬೇರೆ ಸಾಲುಗಳಲ್ಲಿರುತ್ತವೆ. ಪ್ರಾದೇಶಿಕ ಜಿಲ್ಲೆ ಹಳ್ಳಿಗಳಲ್ಲಿ ತಾನೇ ತೆರಿಗೆ ವಸೂಲು ಮಾಡದೆ ತನಗೆ ಬೇಕಾದ ಮೊತ್ತವನ್ನು ಪ್ರಾಂತ್ಯಕ್ಕೆ ತಿಳಿಸಿ ಪಡೆಯುತ್ತದೆ. ಸ್ವಂತ ಮನೆಯಲ್ಲಿ ವಾಸಿಸುವವರಿಗೆ ಸಿಗುವ ಮೂಲ ರಿಯಾಯಿತಿ ವ್ಯಾಂಕೂವರ್, ಫ್ರೇಸರ್ ಕಣಿವೆ ಮತ್ತು ವಿಕ್ಟೋರಿಯಾ ಸೀಮೆಗಳಲ್ಲಿ 570 ಡಾಲರ್. ಉಳಿದ ಕಡೆ 770 ಡಾಲರ್.

ನಾನು ಕಾಲಿಡದ ಈಜುಕೊಳಕ್ಕೆ ನನ್ನಿಂದ ಯಾಕೆ ಹಣ ಕೀಳುತ್ತಾರೆ?

ಈ ಪ್ರಶ್ನೆಯ ಉತ್ತರ ಅರ್ಥವಾದರೆ ಇಡೀ ವ್ಯವಸ್ಥೆ ಅರ್ಥವಾದಂತೆ. ಪುರಸಭೆಯಲ್ಲಿ ತೆರಿಗೆಯ ಬಹುಪಾಲು ಒಂದೇ ಬೊಕ್ಕಸಕ್ಕೆ ಬಿದ್ದು, ಯಾವುದಕ್ಕೆ ಎಷ್ಟು ಎಂದು ಕೌನ್ಸಿಲ್ ಹಂಚುತ್ತದೆ. ಪ್ರಾದೇಶಿಕ ಜಿಲ್ಲೆಯಲ್ಲಿ ಹಾಗಲ್ಲ. ಗ್ರಂಥಾಲಯ, ನೀರು, ಅಗ್ನಿಶಾಮಕ, ಕಸ, ಬೀದಿದೀಪ, ಸ್ಮಶಾನ ಹೀಗೆ ಪ್ರತಿಯೊಂದು ಸೇವೆಗೂ ಸ್ಥಾಪನಾ ಉಪವಿಧಿ ಇರಬೇಕು. ಯಾವ ಪ್ರದೇಶ ಅದರಲ್ಲಿ ಪಾಲ್ಗೊಳ್ಳುತ್ತದೆ, ವೆಚ್ಚ ಹೇಗೆ ಹಂಚಿಕೆಯಾಗುತ್ತದೆ ಎನ್ನುವುದನ್ನು ಅದು ಹೇಳುತ್ತದೆ. ಒಂದು ಸೇವೆಗೆಂದು ಸಂಗ್ರಹಿಸಿದ ಹಣವನ್ನು ಇನ್ನೊಂದಕ್ಕೆ ತಿರುಗಿಸುವಂತಿಲ್ಲ. ಹೀಗಾಗಿ ಒಂದೇ ರಸ್ತೆಯ ಎರಡು ಮನೆಗಳ ತೆರಿಗೆ ಬೇರೆಬೇರೆ ಇರಬಹುದು, ಏಕೆಂದರೆ ಒಂದು ಮನೆ ಬೀದಿದೀಪದ ಗಡಿಯೊಳಗಿದ್ದು ಇನ್ನೊಂದು ಹೊರಗಿರುತ್ತದೆ.

ಈಜುಕೊಳದ ಹಣ ನಿಮ್ಮ ಚೀಟಿಯಲ್ಲಿದ್ದರೆ ನಿಮ್ಮ ವಲಯ, ಅಥವಾ ಅದರ ಒಂದು ಭಾಗ, ಹಿಂದೆಂದೋ ಆ ಸೇವೆಗೆ ಸೇರಲು ಒಪ್ಪಿದೆ ಎಂದರ್ಥ. ಪಕ್ಕದ ಪಟ್ಟಣದಲ್ಲಿರುವ ಕೊಳವನ್ನು ಹಳ್ಳಿಯ ಮಕ್ಕಳೂ ಬಳಸುತ್ತಾರೆ ಎಂಬ ನ್ಯಾಯದ ಮೇಲೆ ಅಂಥ ಒಪ್ಪಂದಗಳು ಆಗಿವೆ. ನೀವೊಬ್ಬರು ಬಳಸದಿದ್ದರೆ ಹಣ ಉಳಿಯುವುದಿಲ್ಲ. ವಲಯವೇ ಹೊರಬರಬೇಕಾದರೆ ಅದಕ್ಕೆ ಕಾನೂನಿನ ಪರಿಶೀಲನಾ ಕ್ರಮವಿದೆ. ಅನುಭವಿಸುವವರೇ ಹಣ ಕೊಡಲಿ ಎಂಬ ಈ ತತ್ವ ನನಗೆ ನ್ಯಾಯವಾಗಿ ಕಾಣುತ್ತದೆ. ಆದರೆ ಇದರಿಂದ ಬಡ ಕಣಿವೆಗೆ ಒದಗುವ ಸೇವೆಗಳೂ ಬಡವಾಗಿಯೇ ಉಳಿಯುತ್ತವೆ ಎಂಬ ದೋಷವನ್ನು ಮುಚ್ಚಿಡಲಾಗದು.

ಊರಿಗೆ ಹೊಸ ಸೇವೆ ಬೇಕೆಂದರೆ ಯಾರ ಒಪ್ಪಿಗೆ ಬೇಕು?

ಹಣ ಕೊಡಬೇಕಾದವರ ಒಪ್ಪಿಗೆ ಬೇಕು. ಮೂರು ದಾರಿಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ನೇರ ಮತದಾನ. ಎರಡನೆಯದು ಪರ್ಯಾಯ ಒಪ್ಪಿಗೆಯ ಕ್ರಮ: ಪ್ರಸ್ತಾವವನ್ನು ಪ್ರಕಟಿಸಿದ ಮೇಲೆ ನಿಗದಿತ ಅವಧಿಯಲ್ಲಿ ಶೇಕಡ 10ರಷ್ಟು ಮತದಾರರು ವಿರೋಧಿಸಿ ಅರ್ಜಿ ಕೊಡದಿದ್ದರೆ ಒಪ್ಪಿಗೆ ಸಿಕ್ಕಿತೆಂದು ಭಾವಿಸಲಾಗುತ್ತದೆ. ಮೂರನೆಯದು ಮನವಿ: ಕನಿಷ್ಠ ಅರ್ಧದಷ್ಟು ಆಸ್ತಿ ಮಾಲೀಕರು, ಆಸ್ತಿ ಮೌಲ್ಯದಲ್ಲೂ ಕನಿಷ್ಠ ಅರ್ಧವನ್ನು ಹೊಂದಿರುವಂತೆ, ಸಹಿ ಮಾಡಬೇಕು. ಚಿಕ್ಕ ನೀರಿನ ವ್ಯವಸ್ಥೆಗಳಿಗೆ ಮನವಿಯೇ ಉತ್ತಮ, ಏಕೆಂದರೆ ಸಹಿಗಾಗಿ ಮನೆಮನೆಗೆ ಹೋದಾಗ ನೆರೆಯವರ ಸಂಶಯಗಳು ಮುಖಾಮುಖಿ ಬಗೆಹರಿಯುತ್ತವೆ. ಪರ್ಯಾಯ ಕ್ರಮದಲ್ಲಿ ಸೂಚನೆಯನ್ನು ಗಮನಿಸದವರ ಮೌನವೂ ಒಪ್ಪಿಗೆಯ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಜಿಲ್ಲೆಯ ಪ್ರಕಟಣೆಗಳನ್ನು ತಪ್ಪದೆ ಓದಬೇಕು.

ಪಿ.ಆರ್. ಇದ್ದವರು ನಿರ್ದೇಶಕರ ಚುನಾವಣೆಯಲ್ಲಿ ಮತ ಹಾಕಬಹುದೇ?

ಇಲ್ಲ. ಪಿ.ಆರ್. ಎಂದರೆ ಶಾಶ್ವತ ವಾಸದ ಅನುಮತಿ ಮಾತ್ರ. ಮತಕ್ಕೆ ಕೆನಡಾದ ಪೌರತ್ವ, 18 ವರ್ಷ ವಯಸ್ಸು ಮತ್ತು ಪ್ರಾಂತ್ಯದಲ್ಲಿ ಆರು ತಿಂಗಳ ವಾಸ ಬೇಕು. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಅಕ್ಟೋಬರ್ ತಿಂಗಳ ಮೂರನೆಯ ಶನಿವಾರ ನಡೆಯುತ್ತದೆ. ಮತವಿಲ್ಲದವರೂ ಸಾರ್ವಜನಿಕ ವಿಚಾರಣೆಗಳಲ್ಲಿ ಮಾತಾಡಬಹುದು, ಮಂಡಳಿಗೆ ಪತ್ರ ಬರೆಯಬಹುದು, ಭವನದ ಸಂಘಕ್ಕೆ ಸೇರಬಹುದು.

## ಆಳದ ಪ್ರಶ್ನೆಗಳು

ಮಂಡಳಿಯಲ್ಲಿ ಪಟ್ಟಣದವರೇ ತುಂಬಿಕೊಂಡರೆ ಹಳ್ಳಿಯ ಮಾತಿಗೆ ತೂಕ ಎಲ್ಲಿ?

ಎಲ್ಲ ವಿಷಯಗಳಿಗೂ ಒಂದೇ ಬಗೆಯ ಮತದಾನವಿಲ್ಲ. ಸಾಮಾನ್ಯ ವಿಷಯಗಳಲ್ಲಿ ನಿರ್ದೇಶಕರಿಗೆ ತಲಾ ಒಂದು ಮತ. ಆಯವ್ಯಯ, ಸಾಲ ಮುಂತಾದ ಹಣದ ವಿಷಯಗಳಲ್ಲಿ ಅವರವರು ಪ್ರತಿನಿಧಿಸುವ ಜನಸಂಖ್ಯೆಗೆ ತಕ್ಕಂತೆ ಮತಗಳ ಸಂಖ್ಯೆ ಹೆಚ್ಚುತ್ತದೆ. ಒಂದು ಸೇವೆಯ ದಿನನಿತ್ಯದ ಆಡಳಿತದಲ್ಲಿ ಆ ಸೇವೆಗೆ ಸೇರಿದ ಪ್ರದೇಶಗಳ ನಿರ್ದೇಶಕರಷ್ಟೇ ಮತ ಹಾಕುತ್ತಾರೆ. ಸೆಂಟ್ರಲ್ ಕೂಟನಿಯಂಥ ಜಿಲ್ಲೆಯಲ್ಲಿ ಹಳ್ಳಿಯ ನಿರ್ದೇಶಕರೇ ಹೆಚ್ಚಿದ್ದಾರೆ; ದೊಡ್ಡ ನಗರಗಳಿರುವ ಜಿಲ್ಲೆಗಳಲ್ಲಿ ಸ್ಥಿತಿ ಬೇರೆ. ಭೂಬಳಕೆಯ ವಿಷಯದಲ್ಲಿ ಪಟ್ಟಣದ ನಿರ್ದೇಶಕರು ಹಳ್ಳಿಯ ನೆಲದ ಮೇಲೆ ಮತ ಹಾಕುವ ಸಂದರ್ಭಗಳಿದ್ದು, ಅದು ಹಳೆಯ ಅಸಮಾಧಾನ.

ನಮ್ಮ ನೀರಿನ ಸಂಸ್ಥೆಯನ್ನು ಪ್ರಾದೇಶಿಕ ಜಿಲ್ಲೆಗೆ ಒಪ್ಪಿಸಿ ಎನ್ನುತ್ತಾರೆ, ಒಪ್ಪಿಸಬೇಕೇ?

ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್ ಎಂದು ಕರೆಯುವ ಈ ಸಂಸ್ಥೆಗಳು ಪ್ರಾದೇಶಿಕ ಜಿಲ್ಲೆಗಳಿಗಿಂತ ಹಳೆಯವು. ಊರಿನವರೇ ಆರಿಸಿದ ಟ್ರಸ್ಟಿಗಳು ನೀರಿನ ಕಷ್ಟವನ್ನು ಹತ್ತಿರದಿಂದ ಬಲ್ಲವರು. ಆ ಸ್ವಾಯತ್ತತೆಯನ್ನು ಬಿಟ್ಟುಕೊಡಲು ಜನ ಹಿಂಜರಿಯುವುದು ಸಹಜ. ಆದರೆ ಕೊಳವೆಗಳು ಮುಪ್ಪಾಗಿವೆ, ಶುದ್ಧೀಕರಣದ ನಿಯಮಗಳು ಬಿಗಿಯಾಗಿವೆ, ಸರ್ಕಾರದ ದೊಡ್ಡ ಮೂಲಸೌಕರ್ಯ ಅನುದಾನಗಳಿಗೆ ಈ ಸಂಸ್ಥೆಗಳು ನೇರವಾಗಿ ಅರ್ಹವಲ್ಲ. ಪ್ರಾದೇಶಿಕ ಜಿಲ್ಲೆಗೆ ಅನುದಾನವೂ ಸಿಗುತ್ತದೆ, 1970ರಲ್ಲಿ ಸ್ಥಾಪಿತವಾದ ಮುನಿಸಿಪಲ್ ಫೈನಾನ್ಸ್ ಅಥಾರಿಟಿಯ ಮೂಲಕ ಕಡಿಮೆ ಬಡ್ಡಿಯ ಸಾಲವೂ ಸಿಗುತ್ತದೆ. ವ್ಯವಸ್ಥೆ ಗಟ್ಟಿಯಾಗಿದ್ದು ಮೀಸಲು ನಿಧಿ ಇದ್ದರೆ ಉಳಿಸಿಕೊಳ್ಳಿ. ದೊಡ್ಡ ದುರಸ್ತಿ ಎದುರಿಗಿದ್ದರೆ ಸ್ಥಳೀಯ ಸಲಹಾ ಸಮಿತಿಯ ಭರವಸೆಯನ್ನು ಬರವಣಿಗೆಯಲ್ಲಿ ಪಡೆದು ಒಪ್ಪಿಸುವುದು ಮೇಲು. ಕೊಳವೆ ಒಡೆದ ಮೇಲೆ ಮಾತುಕತೆಗೆ ಹೋದವರಿಗೆ ಷರತ್ತು ಹಾಕುವ ಶಕ್ತಿ ಇರುವುದಿಲ್ಲ.

ಇಷ್ಟೆಲ್ಲ ಕಷ್ಟಪಡುವ ಬದಲು ಊರಿನವರೇ ಪುರಸಭೆ ಮಾಡಿಕೊಳ್ಳಬಾರದೇ?

ಮಾಡಿಕೊಳ್ಳಬಹುದು. ಅಧ್ಯಯನ ನಡೆಸಿ, ಮತದಾನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದರೆ ಪ್ರಾಂತ್ಯದ ಸಂಪುಟ ಸನ್ನದು ಹೊರಡಿಸುತ್ತದೆ. ಜನ ಹೆದರುವುದು ರಸ್ತೆಗೆ. ಪುರಸಭೆಯಾದ ಮೇಲೆ ಹೆದ್ದಾರಿ ಬಿಟ್ಟು ಉಳಿದ ರಸ್ತೆಗಳ ಹೊಣೆ ಊರಿನ ಮೇಲೆ ಬೀಳುತ್ತದೆ. ಆರಂಭದ ವರ್ಷಗಳ ನೆರವು ನಿಂತ ಮೇಲೆ ಗುಡ್ಡಗಾಡಿನ ರಸ್ತೆಗಳನ್ನು ಕೆಲವೇ ಸಾವಿರ ಜನ ಹೊರಬೇಕು. ಜನಸಂಖ್ಯೆ 5,000 ದಾಟಿದರೆ ಪೊಲೀಸ್ ವೆಚ್ಚದ ದೊಡ್ಡ ಪಾಲೂ ಸೇರುತ್ತದೆ. ಸಾಲ್ಟ್ ಸ್ಪ್ರಿಂಗ್ ದ್ವೀಪದವರು 2002ರಲ್ಲೂ 2017ರಲ್ಲೂ ಬೇಡವೆಂದರು. ಖರ್ಚಿನ ಜೊತೆಗೆ, ಪುರಸಭೆ ಬಂದರೆ ದ್ವೀಪದ ಸ್ವರೂಪವೇ ಬದಲಾದೀತೆಂಬ ಅಂಜಿಕೆಯೂ ಅಲ್ಲಿತ್ತು. ವ್ಯಾಂಕೂವರ್ ಬಳಿಯ ಬೋವೆನ್ ದ್ವೀಪ 1999ರಲ್ಲೇ ಪುರಸಭೆಯಾಗಿದೆ. ಎರಡೂ ದ್ವೀಪಗಳ ಆಯ್ಕೆ ವಿವೇಕದ್ದೇ ಎಂದು ನನಗನ್ನಿಸುತ್ತದೆ. ಅವುಗಳ ಅಳತೆ, ಜನ, ನಗರದಿಂದ ಇರುವ ದೂರ ಒಂದೇ ಅಲ್ಲ.

ಮೂಲನಿವಾಸಿಗಳ ಹಳ್ಳಿಗಳೂ ಈ ಲೆಕ್ಕಕ್ಕೆ ಸೇರುತ್ತವೆಯೇ?

ಸೇರುವುದಿಲ್ಲ. ಮೀಸಲು ಭೂಮಿಗಳು ಒಕ್ಕೂಟ ಸರ್ಕಾರದ ಕಾನೂನಿನಡಿ ತಮ್ಮದೇ ಮುಖ್ಯಸ್ಥರು ಮತ್ತು ಮಂಡಳಿಗಳನ್ನು ಹೊಂದಿವೆ. ಆಧುನಿಕ ಒಪ್ಪಂದ ಮಾಡಿಕೊಂಡ ಸಾವಾಸನ್‌ನಂಥ ಕೆಲವು ಮೂಲನಿವಾಸಿ ರಾಷ್ಟ್ರಗಳು ಮಾತ್ರ ಪ್ರಾದೇಶಿಕ ಮಂಡಳಿಯಲ್ಲಿ ಸದಸ್ಯರಾಗಿವೆ. ಕೂಟನಿ ಸೀಮೆಯ ಊರುಗಳು ಕ್ಟುನಾಹಾ ಮತ್ತು ಸಿನಿಕ್ಸ್ಟ್ ಜನರ ನೆಲದ ಮೇಲಿವೆ. ಸಿನಿಕ್ಸ್ಟ್ ಜನರನ್ನು ಸರ್ಕಾರ 1956ರಲ್ಲಿ ಅಳಿದುಹೋದವರೆಂದು ದಾಖಲಿಸಿತ್ತು. ಗಡಿಯಾಚೆ ಅಮೆರಿಕದಲ್ಲಿರುವ ಅವರ ವಂಶಜರಿಗೆ ಇಲ್ಲಿ ಬೇಟೆಯ ಹಕ್ಕಿದೆ ಎಂಬುದನ್ನು ಕೆನಡಾದ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು.

ಮೇಲಿನವರು ದೊಡ್ಡ ಅಣೆಕಟ್ಟು ತಂದು ಊರನ್ನೇ ಮುಳುಗಿಸಿದರೆ ಕೇಳುವವರು ಯಾರು?

ಕೇಳುವವರಿಲ್ಲದ ಕಾಲವೊಂದಿತ್ತು. ಕೆನಡಾ ಮತ್ತು ಅಮೆರಿಕಗಳ ನಡುವೆ 1961ರಲ್ಲಿ ಸಹಿಯಾಗಿ 1964ರಲ್ಲಿ ಜಾರಿಗೆ ಬಂದ ಕೊಲಂಬಿಯಾ ನದಿ ಒಪ್ಪಂದದಂತೆ ಕಟ್ಟಿದ ಅಣೆಕಟ್ಟು 1968ರಿಂದ ಆರೋ ಸರೋವರಗಳ ನೀರನ್ನು ಏರಿಸಿತು. ಸುಮಾರು ಎರಡು ಸಾವಿರ ಜನ ಮನೆ, ತೋಟ, ಫಲವತ್ತಾದ ನದಿ ಬಯಲನ್ನು ಬಿಟ್ಟರು. ರೆನಾಟಾ ಎಂಬ ಊರು ಇಲ್ಲವಾಯಿತು; ಬರ್ಟನ್, ಫಾಕಿಯೇ, ಎಡ್ಜ್‌ವುಡ್‌ಗಳನ್ನು ಎತ್ತರದಲ್ಲಿ ಹೊಸದಾಗಿ ಕಟ್ಟಲಾಯಿತು. ತಮ್ಮದೇ ಕೌನ್ಸಿಲ್ ಇಲ್ಲದ ಈ ಊರುಗಳ ಪರವಾಗಿ ಸಂಧಾನದ ಮೇಜಿನಲ್ಲಿ ಕೂತವರಿರಲಿಲ್ಲ. ಪ್ರಾದೇಶಿಕ ಜಿಲ್ಲೆಗಳು ಆಗಷ್ಟೇ ಹುಟ್ಟುತ್ತಿದ್ದವು.

1990ರ ದಶಕದ ಹೊತ್ತಿಗೆ ಅದೇ ಜಿಲ್ಲೆಗಳು ಬಲಿತಿದ್ದವು. ಒಪ್ಪಂದದಿಂದ ಪ್ರಾಂತ್ಯಕ್ಕೆ ಬರುವ ಲಾಭದಲ್ಲಿ ನೆಲ ಕಳೆದುಕೊಂಡ ಸೀಮೆಗೆ ಪಾಲು ಬೇಕೆಂದು ಕಣಿವೆಯ ಜನ ಪ್ರಾದೇಶಿಕ ಜಿಲ್ಲೆಗಳ ಮೂಲಕ ಒಟ್ಟಾಗಿ ಒತ್ತಾಯಿಸಿದ್ದರಿಂದ 1995ರಲ್ಲಿ ಕೊಲಂಬಿಯಾ ಬೇಸಿನ್ ಟ್ರಸ್ಟ್ ಸ್ಥಾಪನೆಯಾಯಿತು. ಅದರ 12 ನಿರ್ದೇಶಕರಲ್ಲಿ ಆರು ಮಂದಿಯನ್ನು ಐದು ಪ್ರಾದೇಶಿಕ ಜಿಲ್ಲೆಗಳು ಮತ್ತು ಕ್ಟುನಾಹಾ ರಾಷ್ಟ್ರದ ಮಂಡಳಿ ಸೂಚಿಸುತ್ತವೆ, ಉಳಿದವರನ್ನು ಪ್ರಾಂತ್ಯ ನೇಮಿಸುತ್ತದೆ. ಸಮುದಾಯ ಭವನಗಳ ದುರಸ್ತಿ, ಇಂಟರ್ನೆಟ್ ಸಂಪರ್ಕ ಮುಂತಾದ ಕೆಲಸಗಳಿಗೆ ಈ ಟ್ರಸ್ಟ್ ನೆರವಾಗುತ್ತದೆ. ಪುರಸಭೆಯಿಲ್ಲದ ಊರಿನ ಸಂಘಗಳೂ ಅರ್ಜಿ ಹಾಕಬಹುದು.